ಸೈರನ್ ಆದರೆ ಗುಡ್ಡಕ್ಕೆ ಓಡಬೇಕಾ, ಒಳಗೇ ಇರಬೇಕಾ?

ಪ್ರಶ್ನೆ | ಕಾಳಿದಂಡೆಯ ಅಕ್ಕೋರು

ಎಲ್ಲರಿಗೂ ನಮಸ್ಕಾರ. ನಾನು ಕಾರವಾರ ತಾಲೂಕಿನ ಒಂದು ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಶಿಕ್ಷಕಿ. ನಮ್ಮ ಕಡೆ ಮಕ್ಕಳು, ದೊಡ್ಡವರು ಎಲ್ಲರೂ ಅಕ್ಕೋರು ಅಂತಲೇ ಕರೆಯುತ್ತಾರೆ. ಕೈಗಾ ಅಣು ವಿದ್ಯುತ್ ಸ್ಥಾವರದ ಸುತ್ತ 16 ಕಿಲೋಮೀಟರಿನ ತುರ್ತು ಯೋಜನಾ ವಲಯ ಅಂತ ಇದೆ. ನಮ್ಮ ಶಾಲೆ ಅದರೊಳಗೆ ಬರುತ್ತದೆ.

ಶಾಲೆ ಶುರುವಾದ ವಾರ ಮಕ್ಕಳಿಗೆ ಮಳೆಗಾಲದ ಎಚ್ಚರಿಕೆಗಳನ್ನು ಹೇಳುತ್ತಿದ್ದೆ. ಐದನೇ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತ. "ಅಕ್ಕೋರೇ, ಸೈರನ್ ಆದ್ರೆ ಗುಡ್ಡಕ್ಕೆ ಓಡಬೇಕಾ, ಶಾಲೆ ಒಳಗೇ ಇರಬೇಕಾ?" ಅಂತ ಕೇಳಿದ. ನನಗೆ ಉತ್ತರ ಬರಲಿಲ್ಲ. ನಾಳೆ ಹೇಳುತ್ತೇನೆ ಅಂದೆ. ಮೂರು ವಾರ ಆಯಿತು, ಇನ್ನೂ ಹೇಳಿಲ್ಲ.

ನದಿ ದಂಡೆಯವರಿಗೆ ಸೈರನ್ ಅಂದರೆ ನೀರು. ಕದ್ರಾ ಅಣೆಕಟ್ಟೆಯ ಗೇಟು ತೆಗೆಯುತ್ತಾರೆ, ತಗ್ಗು ಬಿಟ್ಟು ಮೇಲೆ ಹೋಗಿ ಅಂತ ಅರ್ಥ. 2019ರ ಆಗಸ್ಟ್‌ನಲ್ಲಿ, ಆಮೇಲೆ 2021ರ ಜುಲೈನಲ್ಲಿ ನೀರು ಮನೆಗಳಿಗೆ ನುಗ್ಗಿದ ಕತೆಯನ್ನು ಈ ಮಕ್ಕಳು ಕೇಳುತ್ತಲೇ ಬೆಳೆದಿದ್ದಾರೆ. ಸೈರನ್ ಕೇಳಿದರೆ ಅವರ ಕಾಲು ತಾನಾಗಿ ಗುಡ್ಡದ ಕಡೆ ಹೋಗುತ್ತದೆ. ಆದರೆ ಸ್ಥಾವರದಲ್ಲಿ ಏನಾದರೂ ಆದರೆ ಮೊದಲು ಹೇಳುವ ಮಾತು ಸಾಮಾನ್ಯವಾಗಿ ಇದಕ್ಕೆ ಉಲ್ಟಾ. ಹೊರಗೆ ಬರಬೇಡಿ, ಒಳಗೆ ಹೋಗಿ, ಬಾಗಿಲು ಕಿಟಕಿ ಹಾಕಿ. ಕದ್ರಾ ಜಲಾಶಯದ ನೀರೇ ಸ್ಥಾವರವನ್ನು ತಂಪು ಮಾಡುವುದು, ಅದೇ ನೀರು ನಮ್ಮನ್ನು ಗುಡ್ಡ ಹತ್ತಿಸುವುದು. ಒಂದೇ ಕಣಿವೆಯ ಮಕ್ಕಳಿಗೆ ಎರಡು ಬೇರೆ ಬೇರೆ ಪಾಠ ಹೇಳಬೇಕು.

ಮುಂದಿನ ಗ್ರಾಮಸಭೆಗೆ ಊರೊಳಗೆ ಸುದ್ದಿ ಮುಟ್ಟಿಸುವ ಬಗೆಯನ್ನು ಬರೆದುಕೊಡಿ ಅಂತ ಪಂಚಾಯ್ತಿಯವರು ಕೇಳಿದ್ದಾರೆ. ಜಿಲ್ಲೆಯ ಮಟ್ಟದ ಯೋಜನೆ ಜಿಲ್ಲಾಧಿಕಾರಿಗಳದ್ದು, ಅದಕ್ಕೆ ನಾನು ಕೈ ಹಾಕುವುದಿಲ್ಲ. ಸ್ಥಾವರ ಬೇಕಾ ಬೇಡವಾ ಅನ್ನುವ ಚರ್ಚೆಯೂ ಇಲ್ಲಿ ಬೇಡ. ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಮೊದಲ ಎರಡು 2000ದಲ್ಲಿ ವಾಣಿಜ್ಯವಾಗಿ ವಿದ್ಯುತ್ ಕೊಡಲು ಶುರು ಮಾಡಿದವು. ನಮ್ಮ ಊರಿನ ಎಷ್ಟೋ ಮನೆಯ ಊಟ ಅಲ್ಲಿಂದಲೇ ಬರುತ್ತದೆ. ನನಗೆ ಬೇಕಿರುವುದು ಇಷ್ಟೇ: ಕಾರವಾರದಿಂದ ಪಂಚಾಯ್ತಿ ಕಟ್ಟೆಯ ತನಕ ಬಂದ ಸುದ್ದಿ ಅಲ್ಲಿಂದ ಗುಡ್ಡದ ಮೇಲಿನ ಕೊನೆಯ ಮನೆಗೆ ಹೇಗೆ ಹೋಗಬೇಕು?

ನಮ್ಮ ಪರಿಸ್ಥಿತಿ ಹೇಳುತ್ತೇನೆ. ಮನೆಗಳು ಒತ್ತಾಗಿ ಇಲ್ಲ. ತೋಟಕ್ಕೊಂದು, ಗದ್ದೆಗೊಂದು. ಜೋರು ಮಳೆ ಹಿಡಿದರೆ ಕರೆಂಟು ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಫೋನಿನ ಸಿಗ್ನಲ್ಲೂ ಹೋಗುತ್ತದೆ. ಹಂಚಿನ ಮೇಲೆ ಮಳೆ ಬೀಳುವಾಗ ಪಕ್ಕದ ಕೋಣೆಯಲ್ಲಿ ಕರೆದರೂ ಕೇಳುವುದಿಲ್ಲ, ಇನ್ನು ಸೈರನ್ ಎಲ್ಲಿ ಕೇಳಬೇಕು? ನನ್ನ ಅತ್ತೆಗೆ ಎಪ್ಪತ್ತೆಂಟು ವರ್ಷ, ಕಿವಿ ಮಂದ. ಅವರ ಹತ್ತಿರ ಇರುವುದು ಬಟನ್ ಫೋನು, ಅದೂ ಮಗ ಫೋನ್ ಮಾಡುವ ಹೊತ್ತಿಗೆ ಮಾತ್ರ ಕೈಯಲ್ಲಿ ಇರುತ್ತದೆ. ಗೌಳಿವಾಡಾದಿಂದ ನಾಲ್ಕು ಮಕ್ಕಳು ಕಾಡುದಾರಿಯಲ್ಲಿ ನಡೆದು ಶಾಲೆಗೆ ಬರುತ್ತಾರೆ. ಅವರ ಮನೆಯ ಮಾತು ಮರಾಠಿ ಬೆರೆತದ್ದು. ಉಳಿದ ಮುಕ್ಕಾಲು ಮನೆಗಳಲ್ಲಿ ಕೊಂಕಣಿ. ಕನ್ನಡ ಎಲ್ಲರಿಗೂ ಗೊತ್ತು, ನಿಜ. ಆದರೆ ಗಾಬರಿಯಲ್ಲಿ ಮನುಷ್ಯ ತಾಯಿ ಮಾತಿನಲ್ಲಿ ಕೇಳಿದ್ದನ್ನೇ ಬೇಗ ನಂಬುತ್ತಾನೆ.

2023ರ ಅಕ್ಟೋಬರ್‌ನಲ್ಲಿ ಎಲ್ಲರ ಮೊಬೈಲಿಗೂ ಒಂದೇ ಸಲ ಪರೀಕ್ಷಾ ಸಂದೇಶ ಬಂದಿತ್ತಲ್ಲ, ನೆನಪಿದೆಯಾ? ಸ್ಟಾಫ್ ರೂಮಿನಲ್ಲಿ ಮೂರು ಫೋನು ಒಟ್ಟಿಗೆ ಅರಚಿಕೊಂಡವು. ಇದು ಪರೀಕ್ಷೆ ಅಂತ ಕನ್ನಡದಲ್ಲೇ ಬರೆದಿತ್ತು. ಆದರೂ ನಾವು ಮೂವರೂ ಅದನ್ನು ಓದುವ ಮುಂಚೆ ಒಬ್ಬರ ಮುಖ ಒಬ್ಬರು ನೋಡಿದೆವು. ಅದೇ ನನ್ನ ತಲೆಯಲ್ಲಿ ಕೂತಿದೆ. ಜನ ಮೊದಲು ನೋಡುವುದು ಪಕ್ಕದವರನ್ನು, ಆಮೇಲೆ ಸಂದೇಶವನ್ನು.

ಹಂಚಿನ ಮನೆಯಲ್ಲಿ ಕಿಟಕಿ ಹಾಕಿಕೊಂಡರೆ ಏನಾದರೂ ಉಪಯೋಗ ಇದೆಯಾ? ಮಕ್ಕಳನ್ನು ಕರೆದೊಯ್ಯಲು ತಂದೆ ತಾಯಿ ಶಾಲೆಗೆ ಓಡಿ ಬಂದರೆ ಏನು ಮಾಡಲಿ? ಸಂದೇಶದಲ್ಲಿ ಏನೇನು ಇರಬೇಕು? ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಉತ್ತರ | ನಿವೃತ್ತ_ಆರೋಗ್ಯಭೌತ

ಅಕ್ಕೋರಿಗೆ ನಮಸ್ಕಾರ. ಬೇರೆ ರಾಜ್ಯದ ಒಂದು ಅಣು ಸ್ಥಾವರದಲ್ಲಿ ವಿಕಿರಣ ಅಳೆಯುವ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಹತ್ತಕ್ಕೂ ಹೆಚ್ಚು ಅಣಕು ಕವಾಯತುಗಳಲ್ಲಿ ಜೀಪಿನಲ್ಲಿ ಊರೂರು ಸುತ್ತಿದ್ದೇನೆ. ನಿಮ್ಮ ಹುಡುಗ ಕೇಳಿದ ಪ್ರಶ್ನೆಯನ್ನು ಅಷ್ಟು ವರ್ಷದಲ್ಲಿ ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಮೊದಲು ಒಂದು ಧೈರ್ಯದ ಮಾತು. ಭಾರತದ ಯಾವ ಅಣು ಸ್ಥಾವರದಲ್ಲೂ ಇದುವರೆಗೆ ಹೊರಗಿನ ಜನರನ್ನು ಎಬ್ಬಿಸಬೇಕಾದ ತುರ್ತುಸ್ಥಿತಿ ಬಂದಿಲ್ಲ. ಅದಕ್ಕಾಗಿಯೇ ಅಭ್ಯಾಸ ಜಾಸ್ತಿ ಬೇಕು, ಯಾಕೆಂದರೆ ಯಾರಿಗೂ ನಿಜವಾದ ಅನುಭವ ಇಲ್ಲ. ನಮ್ಮಲ್ಲಿ ಮೂರು ಹಂತ. ಸ್ಥಾವರದ ಕಟ್ಟಡದೊಳಗೇ ಮುಗಿಯುವುದು ಒಂದು. ಬೇಲಿಯೊಳಗಿನ ಇಡೀ ಆವರಣಕ್ಕೆ ಸಂಬಂಧಿಸಿದ್ದು ಎರಡನೆಯದು. ಬೇಲಿ ದಾಟಿ ಊರಿಗೆ ಬರಬಹುದಾದದ್ದು ಮೂರನೆಯದು. ಮೊದಲನೆಯದಕ್ಕೆ ಮೂರು ತಿಂಗಳಿಗೊಮ್ಮೆ, ಎರಡನೆಯದಕ್ಕೆ ವರ್ಷಕ್ಕೊಮ್ಮೆ, ಮೂರನೆಯದಕ್ಕೆ ಎರಡು ವರ್ಷಕ್ಕೊಮ್ಮೆ ಅಭ್ಯಾಸ ನಡೆಯುತ್ತದೆ. ಮೂರನೆಯ ಹಂತದಲ್ಲಿ ಹೊರಗಿನ ಜನ ಏನು ಮಾಡಬೇಕು ಅಂತ ತೀರ್ಮಾನಿಸುವವರು ಜಿಲ್ಲಾಧಿಕಾರಿ. ಸ್ಥಾವರದವರು ಮಾಹಿತಿ ಮತ್ತು ಸಲಹೆ ಕೊಡುತ್ತಾರೆ. ಇದನ್ನು ಊರವರಿಗೆ ಸ್ಪಷ್ಟವಾಗಿ ಹೇಳಿ. "ನನ್ನ ಮೈದುನ ಸ್ಥಾವರದಲ್ಲಿ ಇದ್ದಾನೆ, ಅವನು ಫೋನ್ ಮಾಡಿದ" ಅನ್ನುವ ಸುದ್ದಿಗೂ ಜಿಲ್ಲಾಧಿಕಾರಿಯ ಆದೇಶಕ್ಕೂ ವ್ಯತ್ಯಾಸ ಇದೆ.

ಆ 16 ಕಿ.ಮೀ. ಒಳಗಿನವರೆಲ್ಲ ಒಟ್ಟಿಗೆ ಊರು ಬಿಡಬೇಕು ಅಂತ ಯಾರೂ ತಿಳಿಯಬಾರದು. ಆ ವರ್ತುಲವನ್ನು ರೊಟ್ಟಿ ಕತ್ತರಿಸಿದ ಹಾಗೆ 16 ಭಾಗ ಮಾಡಿರುತ್ತಾರೆ. ಗಾಳಿ ಯಾವ ಕಡೆಗೆ ಬೀಸುತ್ತಿದೆಯೋ ಆ ಭಾಗ, ಜೊತೆಗೆ ಅದರ ಅಕ್ಕಪಕ್ಕದ ಭಾಗಗಳ ಮೇಲೆ ಮೊದಲ ಗಮನ. ನಿಮ್ಮ ಊರು ಎಷ್ಟನೇ ಭಾಗದಲ್ಲಿ ಬರುತ್ತದೆ ಅಂತ ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ, ಶಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ರೇಡಿಯೋದಲ್ಲಿ ಭಾಗದ ನಂಬರ್ ಹೇಳಿದಾಗ ತಮ್ಮದು ಯಾವುದು ಅಂತ ಜನರಿಗೆ ಗೊತ್ತಿರಬೇಕು ಅಲ್ವಾ?

ಒಳಗೆ ಇರಿ ಅನ್ನುವುದು ಯಾಕೆ? ಹೊರಬಂದ ವಿಕಿರಣಶೀಲ ಅನಿಲ ಮತ್ತು ಕಣ ಗಾಳಿಯ ಜೊತೆ ಹೊಗೆಯ ಹಾಗೆ ಸಾಗುತ್ತವೆ. ಅವು ಊರು ದಾಟುವ ಹೊತ್ತಿನಲ್ಲಿ ನಾವು ರಸ್ತೆಯಲ್ಲಿ ಇರುವುದು ಕೆಟ್ಟದ್ದು. ಹಂಚಿನ ಮನೆ ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ, ಅದು ನಿಜ. ಆದರೆ ನಿಮ್ಮ ಕಡೆಯ ಚಿರೇಕಲ್ಲಿನ ದಪ್ಪ ಗೋಡೆ ಸುಮ್ನೆ ಅಲ್ಲ. ಅದರ ಹಿಂದೆ, ನಡುಮನೆಯಲ್ಲಿ ಅಥವಾ ಮಾಡಿನ ಕೆಳಗೆ ಅಟ್ಟ ಇರುವ ಕೋಣೆಯಲ್ಲಿ ಇದ್ದರೆ ಅಂಗಳದಲ್ಲಿ ಇರುವುದಕ್ಕಿಂತ ಎಷ್ಟೋ ಮೇಲು. ಫ್ಯಾನ್ ಬೇಡ. ಬಾಗಿಲ ಸಂದಿಗೆ ಒದ್ದೆ ಬಟ್ಟೆ ಇಡಿ. ಹೊರಗಿನಿಂದ ಬಂದವರು ಮೇಲಿನ ಬಟ್ಟೆ ಬಾಗಿಲಲ್ಲೇ ಬಿಚ್ಚಿ, ಕೈಕಾಲು ಮುಖ ತೊಳೆದು ಒಳಗೆ ಬರಲಿ. ಪಕ್ಕದಲ್ಲೇ ಸ್ಲ್ಯಾಬ್ ಹಾಕಿದ ಕಟ್ಟಡ ಇದ್ದರೆ ಇನ್ನೂ ಒಳ್ಳೆಯದು.

ಮಾತ್ರೆಯ ವಿಷಯ. ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ ವಿಕಿರಣಕ್ಕೆಲ್ಲ ಔಷಧಿ ಅಲ್ಲ. ವಿಕಿರಣಶೀಲ ಅಯೋಡಿನ್ ಗಂಟಲಿನ ಥೈರಾಯ್ಡ್ ಗ್ರಂಥಿಯಲ್ಲಿ ಕೂರದಂತೆ ತಡೆಯುತ್ತದೆ, ಅಷ್ಟೇ. ದೊಡ್ಡವರಿಗೆ 130 ಮಿಲಿಗ್ರಾಂ, ಮೂರರಿಂದ ಹನ್ನೆರಡು ವರ್ಷದವರಿಗೆ ಅದರ ಅರ್ಧ, ಇನ್ನೂ ಚಿಕ್ಕ ಮಕ್ಕಳಿಗೆ ಇನ್ನೂ ಕಡಿಮೆ. ಹೆಚ್ಚು ಉಪಯೋಗ ಆಗುವುದು ಮಕ್ಕಳಿಗೆ ಮತ್ತು ಬಸುರಿಯರಿಗೆ. ಆದೇಶ ಬಂದ ಮೇಲೆ ಮಾತ್ರ ತೆಗೆದುಕೊಳ್ಳಬೇಕು. ತುಂಬಾ ಮುಂಚೆ ನುಂಗಿದರೂ ವ್ಯರ್ಥ, ತುಂಬಾ ತಡವಾದರೂ ವ್ಯರ್ಥ.

ಇನ್ನು ಸುದ್ದಿ ಮುಟ್ಟದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಫುಕುಶಿಮಾ ನೋಡಿ. 2011ರ ಮಾರ್ಚ್ 11ರ ಮಧ್ಯಾಹ್ನ ಭೂಕಂಪ, ಸುನಾಮಿ. ರಾತ್ರಿ 9.23ಕ್ಕೆ 3 ಕಿ.ಮೀ. ಒಳಗಿನವರು ಹೊರಡಿ ಅಂತ ಆದೇಶ. ಆ ಹೊತ್ತಿಗೆ ಸ್ಥಾವರ ಇದ್ದ ಊರಿನಲ್ಲೇ ಐದರಲ್ಲಿ ಒಬ್ಬರಿಗೆ ಮಾತ್ರ ಅಪಘಾತದ ವಿಷಯ ಗೊತ್ತಿತ್ತು ಅಂತ ಆಮೇಲೆ ಜಪಾನಿನ ಸಂಸತ್ತು ನೇಮಿಸಿದ ಆಯೋಗ ಹೇಳಿತು. ಮರುದಿನ ಬೆಳಿಗ್ಗೆ 5.44ಕ್ಕೆ ಅದು 10 ಕಿ.ಮೀ. ಆಯಿತು, ಸಂಜೆ 20. ನಾಮಿಯೆ ಅನ್ನುವ ಪಟ್ಟಣದವರು ಟಿವಿ ನೋಡಿ ವಿಷಯ ತಿಳಿದುಕೊಂಡು ತಾವಾಗಿಯೇ ಹೊರಟರು. ವಾಯುವ್ಯಕ್ಕೆ, ತ್ಸುಶಿಮಾ ಅನ್ನುವ ಗುಡ್ಡಗಾಡಿಗೆ ಹೋದರು. ಕೆಟ್ಟ ಗಾಳಿ ಹೋದದ್ದೂ ಅದೇ ಕಡೆ. ಗಾಳಿಯ ದಾರಿಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ವ್ಯವಸ್ಥೆ ಸರ್ಕಾರದ ಬಳಿ ಇತ್ತು. ಲೆಕ್ಕ ಆಗಿತ್ತು. ಅದು ಆ ಊರಿನವರ ಕೈಗೆ ಹೊತ್ತಿಗೆ ಸರಿಯಾಗಿ ಸಿಗಲಿಲ್ಲ. ಗುಡ್ಡ ಸುರಕ್ಷಿತ ಅಂತ ಅವರೂ ನಂಬಿದ್ದರು. ನಿಮ್ಮ ಹುಡುಗನ ಪ್ರಶ್ನೆ ಓದಿದಾಗ ನನಗೆ ಮೊದಲು ನೆನಪಾದದ್ದು ನಾಮಿಯೆ.

ಉತ್ತರ | ಏಜಾಕ್ಸ್_ಕನ್ನಡತಿ

ಅಕ್ಕೋರೇ, ನಾನು ಹುಟ್ಟಿದ್ದು ಶಿವಮೊಗ್ಗ. ಈಗ ಕೆನಡಾದ ಒಂಟಾರಿಯೋದಲ್ಲಿ, ಪಿಕರಿಂಗ್ ಅಣು ಸ್ಥಾವರಕ್ಕೆ ಹತ್ತಿರದ ಏಜಾಕ್ಸ್‌ನಲ್ಲಿ ಇದ್ದೇನೆ. 2020ರ ಜನವರಿ 12ರ ಭಾನುವಾರದ ಬೆಳಗ್ಗೆಯನ್ನು ನಾನು ಮರೆಯುವುದಿಲ್ಲ.

7.23ಕ್ಕೆ ಮನೆಯ ಎಲ್ಲ ಫೋನುಗಳೂ ಕೂಗಿದವು. ಪಿಕರಿಂಗ್ ಸ್ಥಾವರದಲ್ಲಿ ಒಂದು ಘಟನೆ ವರದಿಯಾಗಿದೆ, ವಿಕಿರಣ ಹೆಚ್ಚಾಗಿ ಹೊರಬಂದಿಲ್ಲ, ಹತ್ತಿರದವರು ಸದ್ಯಕ್ಕೆ ಏನೂ ಮಾಡಬೇಕಾಗಿಲ್ಲ, ಸುದ್ದಿ ಕೇಳುತ್ತಿರಿ ಅಂತ ಇತ್ತು. ಇಡೀ ಒಂಟಾರಿಯೋಗೆ ಹೋಗಿತ್ತು ಅದು. ನನ್ನ ಗಂಡ ಕಾರಿನ ಕೀಲಿ ತೆಗೆದರು. ನಾನು ಅಡುಗೆಮನೆಯ ಡ್ರಾಯರ್‌ನಲ್ಲಿ ಮಾತ್ರೆಯ ಪೊಟ್ಟಣ ಹುಡುಕಿದೆ. ಮಗಳು ಹೊದಿಕೆ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಹೋಗಬೇಕಾ ಇರಬೇಕಾ? ನಿಮ್ಮ ಹುಡುಗನ ಪ್ರಶ್ನೆಯೇ.

ಆ ಸಂದೇಶವೇ ತಪ್ಪಿ ಹೋದದ್ದು, ಸ್ಥಾವರದಲ್ಲಿ ಏನೂ ಆಗಿರಲಿಲ್ಲ. ಎಚ್ಚರಿಕೆ ಕಳಿಸುವ ಜಾಗದಲ್ಲಿ ಪಾಳಿ ಬದಲಾಗುವ ಹೊತ್ತು. ದಿನದ ಪರೀಕ್ಷೆ ಮಾಡುವವರು ಪರೀಕ್ಷೆಯದ್ದರ ಬದಲು ನಿಜವಾದ ವ್ಯವಸ್ಥೆಗೆ ಲಾಗಿನ್ ಆಗಿದ್ದರು. ಅದಕ್ಕಿಂತ ನನ್ನನ್ನು ಕಾಡಿದ್ದು ಮುಂದಿನ ಭಾಗ. ಅದು ತಪ್ಪು ಸಂದೇಶ ಅಂತ ಫೋನಿಗೆ ಬಂದದ್ದು 9.11ಕ್ಕೆ. ಹತ್ತಿರ ಹತ್ತಿರ ಎರಡು ಗಂಟೆ. ತಪ್ಪಾಗಿದೆ ಅಂತ ಅವರಿಗೆ ಬೇಗ ಗೊತ್ತಾಗಿತ್ತು. ಆದರೆ ವಾಪಸ್ ತೆಗೆದುಕೊಳ್ಳುವ ಮಾತನ್ನು ಯಾರು, ಹೇಗೆ ಕಳಿಸಬೇಕು ಅನ್ನುವುದು ಮೊದಲೇ ಗಟ್ಟಿಯಾಗಿ ತೀರ್ಮಾನ ಆಗಿರಲಿಲ್ಲ.

ಹಾಗಾಗಿ ನಿಮ್ಮ ಕಾಗದದಲ್ಲಿ "ಅಪಾಯ ಮುಗಿಯಿತು" ಮತ್ತು "ಮೊದಲು ಹೇಳಿದ್ದು ತಪ್ಪು" ಅನ್ನುವ ಎರಡು ಸಂದೇಶಗಳನ್ನೂ ಈಗಲೇ ಬರೆದಿಡಿ. ಯಾರು ಹೇಳಬೇಕು ಅಂತಲೂ ಬರೆಯಿರಿ. ಮೊದಲ ಸುದ್ದಿ ತಂದವರೇ ಕೊನೆಯ ಸುದ್ದಿಯನ್ನೂ ತರಬೇಕು.

ಇನ್ನೊಂದು ವಿಷಯ. ಮುಂದಿನ ಸುದ್ದಿ ಎಷ್ಟು ಹೊತ್ತಿಗೆ ಅಂತ ಆ ಸಂದೇಶದಲ್ಲಿ ಇರಲಿಲ್ಲ. ಎಂಟು ಗಂಟೆಗೆ ಮತ್ತೆ ಹೇಳುತ್ತೇವೆ ಅಂತ ಒಂದು ಸಾಲು ಇದ್ದಿದ್ದರೆ ನನ್ನ ಗಂಡ ಕೀಲಿ ಕೆಳಗೆ ಇಡುತ್ತಿದ್ದರು. ಹೊಸದೇನೂ ಇಲ್ಲದಿದ್ದರೂ ಹೇಳಿದ ಹೊತ್ತಿಗೆ ಬಂದು "ಹೊಸದೇನೂ ಇಲ್ಲ" ಅಂತ ಹೇಳಬೇಕು.

ಮಾತ್ರೆಯನ್ನು ಇಲ್ಲಿ 10 ಕಿ.ಮೀ. ಒಳಗಿನ ಪ್ರತಿ ಮನೆಗೂ 2015ರಲ್ಲೇ ಕೊಟ್ಟಿದ್ದರು. 50 ಕಿ.ಮೀ. ತನಕದವರು ಕೇಳಿ ತರಿಸಿಕೊಳ್ಳಬಹುದು, ದುಡ್ಡಿಲ್ಲ. ತಿಂಗಳಿಗೆ ನೂರಿನ್ನೂರು ಜನ ಕೇಳುತ್ತಿದ್ದರಂತೆ. ಆ ಭಾನುವಾರ ಆದ ಮೇಲೆ ಎರಡೇ ದಿನದಲ್ಲಿ 32,000 ಬೇಡಿಕೆ ಬಂತು. ಸ್ಥಾವರಕ್ಕೆ 3 ಕಿ.ಮೀ. ಒಳಗಿನವರಿಗೆ ಹೊರಗೆ ಸೈರನ್, ಮನೆಯೊಳಗೆ ಫೋನು, ಎರಡೂ ಹದಿನೈದು ನಿಮಿಷದಲ್ಲಿ ಮುಟ್ಟಬೇಕು ಅಂತ ನಿಯಮ ಇದೆ. ಮನೆಯೊಳಗಿದ್ದವರಿಗೆ ಸೈರನ್ ಕೇಳುವುದಿಲ್ಲ ಅಂತ ಇಲ್ಲೂ ಒಪ್ಪಿಕೊಂಡಿದ್ದಾರೆ. ಸೈರನ್ ಹೊರಗಿದ್ದವರಿಗೆ ಮಾತ್ರ. ನಿಮ್ಮ ಹಂಚಿನ ಮೇಲಿನ ಮಳೆಯ ಮಾತು ಓದಿ ಇದು ಬರೆಯಬೇಕು ಅನ್ನಿಸಿತು.

ಉತ್ತರ | ಶಿರಸಿ_ಲೈನ್‌ಮನ್

ನಾನು ದೂರವಾಣಿ ಕಂಬ ಹತ್ತಿ ಮೂವತ್ತೆರಡು ವರ್ಷ ಕಳೆದವನು. ನಿಮ್ಮ ಕಣಿವೆಯ ಮಳೆ ನನಗೆ ಗೊತ್ತು.

ಆ ಅಕ್ಟೋಬರ್‌ನ ಸಂದೇಶ ಎಸ್ಸೆಮ್ಮೆಸ್ ಅಲ್ಲ. ಎಸ್ಸೆಮ್ಮೆಸ್ ಒಂದೊಂದೇ ನಂಬರಿಗೆ ಹೋಗುತ್ತದೆ, ಎಲ್ಲರೂ ಒಟ್ಟಿಗೆ ಫೋನ್ ಮಾಡುವಾಗ ಸಿಕ್ಕಿಬೀಳುತ್ತದೆ. ಇದು ಸೆಲ್ ಬ್ರಾಡ್‌ಕಾಸ್ಟ್. ಟವರು ರೇಡಿಯೋದ ಹಾಗೆ ತನ್ನ ಸುತ್ತ ಇರುವ ಎಲ್ಲ ಫೋನಿಗೂ ಒಮ್ಮೆಲೇ ಕೂಗಿ ಹೇಳುತ್ತದೆ. ಯಾರ ನಂಬರೂ ಬೇಕಾಗಿಲ್ಲ. ಬೇಕಾದ ಟವರುಗಳಿಂದ ಮಾತ್ರವೂ ಕಳಿಸಬಹುದು. ತುಂಬಾ ಒಳ್ಳೆಯ ವ್ಯವಸ್ಥೆ. ಆದರೆ ಟವರಿಗೆ ಕರೆಂಟು ಬೇಕು. ಕರೆಂಟು ಹೋದರೆ ಬ್ಯಾಟರಿ ಕೆಲವು ಗಂಟೆ, ಆಮೇಲೆ ಜನರೇಟರಿಗೆ ಡೀಸೆಲ್ ತರುವವರು ಬೇಕು. ರಸ್ತೆ ಕುಸಿದಿದ್ದರೆ ಡೀಸೆಲ್ ಬರುವುದಿಲ್ಲ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತ್ತು, ನೋಡಿದ್ದೀರಿ. ವಾಟ್ಸಾಪ್ ಗುಂಪನ್ನು ನಂಬಿ ಕೂರಬೇಡಿ. ಅದು ಹೆಚ್ಚುವರಿ ಮಾತ್ರ.

ನಿಮ್ಮ ಪಂಚಾಯ್ತಿಗೆ ಕಸ ಎತ್ತುವ ಸ್ವಚ್ಛ ವಾಹಿನಿ ಬಂದಿದೆಯಾ? ಅದಕ್ಕೆ ಮೈಕು ಇರುತ್ತದೆ. ಎಷ್ಟೋ ಕಡೆ ಸ್ವಸಹಾಯ ಸಂಘದ ಹೆಂಗಸರೇ ಓಡಿಸುತ್ತಾರೆ. ಯಾವ ಮನೆಗೆ ದಾರಿ ಎಲ್ಲಿ ತಿರುಗುತ್ತದೆ, ಯಾವ ಅಜ್ಜಿಗೆ ಕಿವಿ ಕೇಳುವುದಿಲ್ಲ, ಎಲ್ಲ ಅವರಿಗೆ ಗೊತ್ತು. ನನ್ನ ಕೇಳಿದರೆ ನಿಮ್ಮ ಊರಿನ ಅತಿ ಗಟ್ಟಿಯಾದ ಸಂಪರ್ಕ ವ್ಯವಸ್ಥೆ ಆ ಗಾಡಿ. ದೇವಸ್ಥಾನದ ಮೈಕು, ಚರ್ಚಿನ ಗಂಟೆ, ಮಸೀದಿಯ ಮೈಕು ಕೂಡ ಲೆಕ್ಕಕ್ಕೆ ತೆಗೆದುಕೊಳ್ಳಿ. ಅವುಗಳ ಬ್ಯಾಟರಿ ಎಲ್ಲಿದೆ, ಬೀಗದ ಕೀಲಿ ಯಾರ ಹತ್ತಿರ ಅಂತ ಬರೆಯಿರಿ. ಅಭ್ಯಾಸದ ದಿನ ಕೈಕೊಡುವುದು ಯಾವಾಗಲೂ ಕೀಲಿಯೇ.

ಗಾಡಿ ಹೋಗದ ಕಡೆ ಕಾಲೇ ಗತಿ. ಪ್ರತಿ ಮಜರೆಗೆ ಇಬ್ಬರ ಹೆಸರು ಇರಲಿ. ಒಬ್ಬರು ಸಾಲದು, ಆ ದಿನ ಅವರು ಮದುವೆಗೆ ಹೋಗಿರುತ್ತಾರೆ. ಹೆಸರು ಹಾಕುವಾಗ ಹಗಲು ಊರಲ್ಲೇ ಇರುವವರನ್ನು ನೋಡಿ. ಯುವಕರು ಕೆಲಸಕ್ಕೆ ಹೋಗುತ್ತಾರೆ. ಅಂಗನವಾಡಿಯವರು, ಆಶಾ, ಹಾಲು ಹಾಕಿಸಿಕೊಳ್ಳುವವರು ಇರುತ್ತಾರೆ. ಬ್ಯಾಟರಿ ರೇಡಿಯೋ ನಾಲ್ಕೈದು ತಂದಿಡಿ, ಆಕಾಶವಾಣಿ ಕಾರವಾರ ಹಿಡಿಯುತ್ತದಾ ಅಂತ ಆಯಾ ಜಾಗದಲ್ಲೇ ಕೂತು ನೋಡಿ. ಜಿಲ್ಲಾ ಕಂಟ್ರೋಲ್ ರೂಮಿನ 1077 ನಂಬರು ಎಲ್ಲರಿಗೂ ಬಾಯಿಪಾಠ ಆಗಲಿ, ಸುದ್ದಿ ನಿಜವಾ ಅಂತ ಕೇಳಲು.

ಸೈರನ್ನಿನ ಸದ್ದಿನಲ್ಲೇ ನೀರು ಯಾವುದು, ವಿಕಿರಣ ಯಾವುದು ಅಂತ ಜನ ಗುರುತಿಸಬೇಕು ಅಂತ ಮಾತ್ರ ಬಯಸಬೇಡಿ. ವರ್ಷಕ್ಕೊಮ್ಮೆ ಕೇಳುವ ಸದ್ದಿನ ವ್ಯತ್ಯಾಸ ಯಾರಿಗೂ ನೆನಪಿರುವುದಿಲ್ಲ. ಎರಡಕ್ಕೂ ಹೊಂದುವ ಒಂದೇ ಮೊದಲ ಹೆಜ್ಜೆ ಹುಡುಕಿ.

ಉತ್ತರ | ಹಾಲಿನ_ಡೇರಿ

ನಾವೂ ಅದೇ ಕಡೆಯವರು. ದನಗಳ ಬಗ್ಗೆ ಯಾರೂ ಹೇಳಲಿಲ್ಲ. ಒಳಗೆ ಇರಿ ಅಂದರೆ ನನ್ನ ತಮ್ಮ ಖಂಡಿತ ಇರುವುದಿಲ್ಲ, ಮೇಯಲು ಬಿಟ್ಟ ಎಮ್ಮೆ ಹುಡುಕಲು ಹೋಗುತ್ತಾನೆ.

ಉತ್ತರ | ನಿವೃತ್ತ_ಆರೋಗ್ಯಭೌತ

ಡೇರಿಯವರು ಹೇಳಿದ್ದು ಸರಿ, ನಾನು ಬಿಟ್ಟುಬಿಟ್ಟೆ. ವಿಕಿರಣಶೀಲ ಅಯೋಡಿನ್ ಹುಲ್ಲಿನ ಮೇಲೆ ಕೂರುತ್ತದೆ, ಆಕಳ ಹೊಟ್ಟೆಗೆ ಹೋಗಿ ಹಾಲಿಗೆ ಬರುತ್ತದೆ. ಚೆರ್ನೊಬಿಲ್ ಸುತ್ತಲಿನ ಮಕ್ಕಳಿಗೆ ಹೆಚ್ಚು ತೊಂದರೆ ಆದದ್ದು ಹಾಲಿನಿಂದ. ಅದಕ್ಕೇ ಸಂದೇಶದಲ್ಲಿ ದನದ ಮಾತು ಇರಲೇಬೇಕು: ಕೊಟ್ಟಿಗೆಯಲ್ಲಿ ಕಟ್ಟಿ, ಮುಚ್ಚಿಟ್ಟ ಒಣಹುಲ್ಲು ಹಾಕಿ, ಬಾವಿ ಮುಚ್ಚಿ, ಹೇಳುವ ತನಕ ಹೊಸ ಹಾಲು, ಸೊಪ್ಪು ಬಳಸಬೇಡಿ. ಆ ಅಯೋಡಿನ್ನಿನ ಬಲ ಎಂಟು ದಿನಕ್ಕೊಮ್ಮೆ ಅರ್ಧ ಆಗುತ್ತದೆ. ಆಚೆ ಇದ್ದ ಎಮ್ಮೆ ಆಚೆಯೇ ಇರಲಿ. ಹುಡುಕಲು ಹೋಗುವುದು ಬೇಡ. ಇದನ್ನು ನಿಮ್ಮ ತಮ್ಮನಿಗೆ ಇವತ್ತೇ ಹೇಳಿ. ಆ ದಿನ ಹೇಳಿದರೆ ಕೇಳುವುದಿಲ್ಲ.

ಉತ್ತರ | ಕಾಳಿದಂಡೆಯ ಅಕ್ಕೋರು

ಎಲ್ಲರಿಗೂ ತುಂಬಾ ಧನ್ಯವಾದ. ಹತ್ತು ದಿನ ಓಡಾಡಿದೆ, ಈಗ ಬರೆಯುತ್ತಿದ್ದೇನೆ.

ಲೈನ್‌ಮನ್ ಅಣ್ಣ ಹೇಳಿದ "ಒಂದೇ ಮೊದಲ ಹೆಜ್ಜೆ" ರಾತ್ರಿಯೆಲ್ಲ ತಲೆಯಲ್ಲಿ ಇತ್ತು. ಬೆಳಿಗ್ಗೆ ಶಾಲೆಯ ಮೆಟ್ಟಿಲು ಹತ್ತುವಾಗ ಹೊಳೆಯಿತು. ನಮ್ಮ ಶಾಲೆ ದಿಬ್ಬದ ಮೇಲಿದೆ. 2019ರಲ್ಲೂ ಇಲ್ಲಿಗೆ ನೀರು ಬಂದಿರಲಿಲ್ಲ. ಎರಡು ಕೋಣೆಗೆ ಸ್ಲ್ಯಾಬ್ ಇದೆ. ಅಂದರೆ ಇದು ಮೇಲೆಯೂ ಹೌದು, ಒಳಗೂ ಹೌದು. ಗುಡ್ಡಕ್ಕೆ ಓಡುವುದಲ್ಲ, ದಿಬ್ಬದ ಮೇಲಿನ ಕಟ್ಟಡದೊಳಗೆ ಹೋಗುವುದು. ಅಲ್ಲಿ ಕೂತು, ಯಾವ ಅಪಾಯ ಅಂತ ಆಮೇಲೆ ಕೇಳಿ ತಿಳಿಯುವುದು. ನೀರು ಅಂದರೆ ಅಲ್ಲೇ ಇರುವುದು. ವಿಕಿರಣ ಅಂದರೆ ಬಾಗಿಲು ಹಾಕುವುದು.

ನಿವೃತ್ತ ಸರ್‌ಗೆ ಇದನ್ನು ಬರೆದು ಕೇಳಿದ್ದೆ. ಹತ್ತು ಹದಿನೈದು ನಿಮಿಷದಲ್ಲಿ ಮುಟ್ಟುವವರಿಗೆ ಮಾತ್ರ ಇದು ಸರಿ, ದೂರದವರು ದಾರಿಯಲ್ಲಿ ಸಿಕ್ಕಿಬೀಳಬಾರದು, ತಹಶೀಲ್ದಾರರ ಒಪ್ಪಿಗೆ ಪಡೆದೇ ಹೇಳಿ ಅಂದರು. ಹಾಗಾಗಿ ಅಳೆದೆ. ನದಿಗೆ ಹತ್ತಿರದ ಮನೆಯಿಂದ ಏಳನೇ ಕ್ಲಾಸಿನ ಮಕ್ಕಳ ಜೊತೆ ನಡೆದರೆ ಶಾಲೆಗೆ ಹನ್ನೊಂದು ನಿಮಿಷ. ಅತ್ತೆಯ ಕೈ ಹಿಡಿದು ನಡೆದರೆ ಇಪ್ಪತ್ತಾರು. ಆದ್ದರಿಂದ ಅತ್ತೆ ಶಾಲೆಗೆ ಬರುವುದಿಲ್ಲ. ಅವರಿಗೆ ಪಕ್ಕದ ಹೊಸ ಮನೆ, ಅದೂ ಎತ್ತರದಲ್ಲಿದೆ, ಸ್ಲ್ಯಾಬ್ ಹಾಕಿದೆ. ಆ ಮನೆಯವರು ಒಪ್ಪಿದ್ದಾರೆ. ಮೇಲಿನ ಮಜರೆಗಳವರಿಗೆ ನೀರಿನ ಭಯ ಇಲ್ಲ, ಅವರು ತಮ್ಮ ನಡುಮನೆಯಲ್ಲೇ ಇರುತ್ತಾರೆ. ಕಾಗದವನ್ನು ತಹಶೀಲ್ದಾರ್ ಕಚೇರಿಗೆ ಕಳಿಸಿದ್ದೇನೆ. ನಮ್ಮದು ಎಷ್ಟನೇ ಭಾಗ ಅಂತಲೂ ಕೇಳಿದ್ದೇನೆ.

ಸ್ವಚ್ಛ ವಾಹಿನಿ ಓಡಿಸುವವಳು ನಮ್ಮ ಶಾಲೆಯಲ್ಲೇ ಓದಿದ ಹುಡುಗಿ. ಸಂದೇಶವನ್ನು ಕನ್ನಡದಲ್ಲಿ ನಾನು ಬರೆದೆ, ಕೊಂಕಣಿಯಲ್ಲಿ ಅವಳೇ ಹೇಳಿದಳು. ನಾನು "ಮನೆಯೊಳಗೆ ಆಶ್ರಯ ಪಡೆಯಿರಿ" ಅಂತ ಬರೆದಿದ್ದೆ. ಅವಳು ನಕ್ಕು, "ಅಕ್ಕೋರೇ, ಇದನ್ನು ಮೈಕಿನಲ್ಲಿ ಯಾರು ಕೇಳ್ತಾರೆ, ಒಳಗೆ ಹೋಗಿ ಬಾಗಿಲು ಹಾಕಿ ಅಂತ ಹೇಳೋಣ" ಅಂದಳು. ಈಗ ಸಂದೇಶ ಹೀಗಿದೆ:

"ಇದು ಪಂಚಾಯ್ತಿಯ ಗಾಡಿ. ಜಿಲ್ಲಾಧಿಕಾರಿಯವರ ಆದೇಶ. ಕೈಗಾದಲ್ಲಿ ತೊಂದರೆ ಆಗಿದೆ. ಒಳಗೆ ಹೋಗಿ, ಬಾಗಿಲು ಕಿಟಕಿ ಹಾಕಿ. ದನ ಕೊಟ್ಟಿಗೆಯಲ್ಲಿ ಕಟ್ಟಿ. ಹೊರಗಿರುವ ದನ ಹುಡುಕಲು ಹೋಗಬೇಡಿ. ಬಾವಿ ಮುಚ್ಚಿ. ಮಾತ್ರೆ ಈಗ ಬೇಡ, ಹೇಳಿದಾಗ ತೆಗೆದುಕೊಳ್ಳಿ. ಮಕ್ಕಳು ಶಾಲೆಯಲ್ಲಿ ಅಕ್ಕೋರ ಜೊತೆ ಒಳಗೇ ಇದ್ದಾರೆ, ಕರೆಯಲು ಬರಬೇಡಿ. ರೇಡಿಯೋ ಹಾಕಿ. ನಾನು ಒಂದು ಗಂಟೆ ಬಿಟ್ಟು ಇದೇ ದಾರಿಯಲ್ಲಿ ಮತ್ತೆ ಬರುತ್ತೇನೆ."

ಅವಳು ಮತ್ತೆ ಬರಬೇಕಾದರೆ ಅವಳನ್ನು ಯಾರು ಕಾಯುತ್ತಾರೆ ಅನ್ನುವುದನ್ನೂ ಸೇರಿಸಿದ್ದೇನೆ. ಗಾಡಿಯ ಗಾಜು ಏರಿಸಿಕೊಂಡಿರಬೇಕು, ಮಾಸ್ಕು, ರೇನ್‌ಕೋಟು, ಅವಳಿಗೆ ಮಾತ್ರೆ ಮೊದಲು, ವಿಕಿರಣ ಅಳೆಯುವವರು ಬೇಡ ಅಂದರೆ ಅವಳು ಹೊರಡಬಾರದು. ಈ ಸಾಲುಗಳನ್ನು ಮೇಲಿನವರು ಒಪ್ಪಲೇಬೇಕು ಅಂತ ಸಭೆಯಲ್ಲಿ ಕೇಳುತ್ತೇನೆ. ಅಪಾಯ ಮುಗಿಯಿತು ಅನ್ನುವ ಸಂದೇಶ, ತಪ್ಪಾಗಿತ್ತು ಅನ್ನುವ ಸಂದೇಶ ಎರಡೂ ಅವಳ ದನಿಯಲ್ಲೇ ರೆಕಾರ್ಡ್ ಆಗಿವೆ. ಏಜಾಕ್ಸ್ ತಂಗಿ, ಇದು ನಿಮ್ಮಿಂದ ಬಂದದ್ದು.

ತಂದೆ ತಾಯಂದಿರ ಸಭೆಯಲ್ಲಿ ಶಾಲೆಗೆ ಓಡಿ ಬರಬೇಡಿ ಅಂದಾಗ ಒಬ್ಬ ತಾಯಿ ಅತ್ತರು. "ನಾನು ಬರದೆ ಹೇಗಿರಲಿ" ಅಂದರು. ಅದಕ್ಕೆ ನಾನು ಏನೂ ವಾದ ಮಾಡಲಿಲ್ಲ. ಆ ಎರಡು ಕೋಣೆಗೆ ಅವರನ್ನೇ ಕರೆದುಕೊಂಡು ಹೋಗಿ, ನೀರಿನ ಡ್ರಮ್ಮು, ಅವಲಕ್ಕಿ, ಚಾಪೆ ಇಟ್ಟಿರುವುದನ್ನು ತೋರಿಸಿದೆ. ಮಗಳು ಯಾವ ಮೂಲೆಯಲ್ಲಿ ಕೂರುತ್ತಾಳೆ ಅಂತ ಕೇಳಿದರು. ತೋರಿಸಿದೆ. ಆ ಚಾಪೆಯನ್ನು ಅವರೇ ಇನ್ನಷ್ಟು ಒಳಗೆ ಸರಿಸಿ ಹೋದರು.

ಹುಡುಗನಿಗೆ ಮೊನ್ನೆ ಉತ್ತರ ಹೇಳಿದೆ. ಮೇಲೆ ಮತ್ತು ಒಳಗೆ, ಎರಡೂ. ಈಗ ಕ್ಲಾಸಿನ ಎಲ್ಲರೂ ಅದನ್ನು ಕೈ ಮಾಡಿ ತೋರಿಸುತ್ತಾರೆ.

ಗೌಳಿವಾಡಾಕ್ಕೆ ಒಬ್ಬರ ಹೆಸರು ಸಿಕ್ಕಿದೆ, ಎರಡನೆಯದು ಇನ್ನೂ ಇಲ್ಲ. ಅಲ್ಲಿ ರೇಡಿಯೋ ಹಿಡಿಯುತ್ತದಾ ಅಂತಲೂ ನೋಡಬೇಕು. ಭಾನುವಾರ ಮಳೆ ಬಿಟ್ಟರೆ ಮಕ್ಕಳ ಜೊತೆ ನಡೆದು ಹೋಗುತ್ತೇನೆ.